ಕೆಂಪು ನಕ್ಷತ್ರದ ಕಾಲಂಗಳು

ಗಿರಣಿಯ ಗುರುತಿನ ಚೀಟಿ. ಟಿಕೆಟ್ ನಂಬರಿನ ಪ್ರತಿ. ಸರ್ವಿಸ್ ಸರ್ಟಿಫಿಕೇಟ್. ಲಾಲ್ ಪಾಸ್. ಪ್ರಾವಿಡೆಂಟ್ ಫಂಡ್ ನಂಬರ್. ಇಎಸ್‌ಐ ನಂಬರ್. ಗಿರಣಿಯ ಪ್ರವೇಶ ಪಾಸ್. ಹಾಜರಿ ಪತ್ರ. ರಜೆಯ ರಿಜಿಸ್ಟರ್. ಗ್ರಾಚ್ಯುಯಿಟಿ ಕೊಟ್ಟ ಆದೇಶ. ಪಿಎಫ್ ಜಮೆಯಾದದ್ದಕ್ಕೆ ಪುರಾವೆ. ಪಗಾರದ ಚೀಟಿ. ಆಧಾರ್ ಕಾರ್ಡ್.

ಒಟ್ಟು ಹದಿಮೂರು. 2023ರ ಸೆಪ್ಟೆಂಬರ್‌ನಲ್ಲಿ ಮ್ಹಾಡಾದ ಮುಂಬಯಿ ಮಂಡಳಿ ಗಿರಣಿ ಕಾರ್ಮಿಕರ ಅರ್ಹತೆ ತೀರ್ಮಾನಿಸುವ ಅಭಿಯಾನ ಶುರುಮಾಡಿದಾಗ ಪುರಾವೆಗಳ ಈ ಪಟ್ಟಿ ಹೊರಬಿತ್ತು. ಮನೆಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದಿದ್ದ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು, ಅಥವಾ ಅವರು ತೀರಿಹೋಗಿದ್ದರೆ ಅವರ ವಾರಸುದಾರರು, ತಮ್ಮ ಬಳಿ ಇದ್ದ ಕಾಗದಗಳನ್ನು ಆನ್‌ಲೈನ್‌ನಲ್ಲಿ ಇಲ್ಲವೇ ಬಾಂದ್ರಾದ ಒಂದು ಹಾಲ್‌ಗೆ ಹೋಗಿ ಸಲ್ಲಿಸಬೇಕಿತ್ತು. ಸಾಬೀತುಪಡಿಸಬೇಕಾದದ್ದು ಒಂದೇ ಸಂಗತಿ: 1982ರ ಜನವರಿ 1ರಂದು ಅಥವಾ ಆಮೇಲೆ ಈ ಮನುಷ್ಯ ಮುಂಬಯಿಯ ಗಿರಣಿಯಲ್ಲಿ ಕೆಲಸದಲ್ಲಿದ್ದ.

ಪರೇಲ್‌ನ ಒಂದು ಚಾಳಿನ ಎರಡನೇ ಮಹಡಿಯಲ್ಲಿರುವ ನಿವೃತ್ತ ಕನ್ನಡ ಮೇಷ್ಟ್ರು ಈ ಪಟ್ಟಿಯನ್ನು ಮರಾಠಿಯಿಂದ ಕನ್ನಡಕ್ಕೆ ಇಳಿಸಿ, ದುಂಡಗಿನ ಅಕ್ಷರದಲ್ಲಿ ಬರೆದು, ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಜತ್ತದ ಕಡೆಗೆ ಹೋಯಿತು, ಅಕ್ಕಲಕೋಟೆಗೆ ಹೋಯಿತು, ಅಥಣಿಗೆ ಹೋಯಿತು. ಎರಡೇ ದಿನದಲ್ಲಿ ಅದೇ ಫೋಟೊ ಅವರಿಗೇ ವಾಪಸು ಬಂತು. ಕೆಳಗೆ ಯಾರೋ ಸೇರಿಸಿದ್ದರು: ‘ಎಲ್ಲಾ ಹದಿಮೂರೂ ಬೇಕು, ಒಂದು ಕಡಿಮೆಯಾದರೂ ಮನೆ ಇಲ್ಲ.’ ಪಟ್ಟಿಯಲ್ಲಿ ಹಾಗಿರಲಿಲ್ಲ. ಅಂದಿನಿಂದ ಮೇಷ್ಟ್ರು ಯಾವುದನ್ನು ಕಳಿಸಿದರೂ ಮೊದಲ ಸಾಲಿನಲ್ಲೇ ತಾರೀಕು ಮತ್ತು ‘ಇಷ್ಟೇ, ಇದರ ಮೇಲೆ ಏನೂ ಇಲ್ಲ’ ಎಂಬ ಮಾತು ಬರೆಯುತ್ತಾರೆ.

ಅವರು ಉಡುಪಿ ಕಡೆಯವರು. ಹಗಲು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಸಂಜೆ ಮೇಲೆ ರಾತ್ರಿಶಾಲೆಯಲ್ಲಿ ಪಾಠ ಮಾಡಿದವರು. ರಾತ್ರಿಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಹೋಟೆಲಿನ ಮಾಣಿಗಳು. ಗ್ಲಾಸು ತೊಳೆದ ಒದ್ದೆ ಕೈಯಲ್ಲೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಗಿರಣಿಗಳಲ್ಲಿದ್ದ ಕನ್ನಡದವರು ಬೇರೆ ಕಡೆಯವರು. ಗಿರಣಗಾಂವ್ ತುಂಬಿಕೊಂಡದ್ದು ಮುಖ್ಯವಾಗಿ ಕೊಂಕಣ, ಸಾತಾರಾ, ಕೊಲ್ಲಾಪುರ, ಸಾಂಗ್ಲಿಯ ಜನರಿಂದ. ಅವರ ಜೊತೆಗೆ ಮನೆಯಲ್ಲಿ ಕನ್ನಡ, ಸಾಂಚಾದ ಮುಂದೆ ಮರಾಠಿ ಆಡುವ ಗಡಿಯ ಮಂದಿಯೂ ಬಂದಿದ್ದರು. ಮೇಷ್ಟ್ರಿಗೆ ಅವರ ಕನ್ನಡ ಮೊದಮೊದಲು ಅರ್ಧ ತಿಳಿಯುತ್ತಿತ್ತು, ಅವರಿಗೆ ಮೇಷ್ಟ್ರ ಕನ್ನಡ ಪುಸ್ತಕದಂತೆ ಕೇಳುತ್ತಿತ್ತು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದು ಮುಗಿಯಿತು ಎಂದು ಯಾರೂ ಸಾರಲಿಲ್ಲ. ಹಸಿದವರು ಒಬ್ಬೊಬ್ಬರಾಗಿ ಒಳಗೆ ಹೋದರು, ಸ್ವಾಭಿಮಾನಿಗಳೂ ಅಸಹಾಯಕರೂ ಊರಿಗೆ ಹೋದರು, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಮೇಲೆ ಉಳಿದದ್ದು ಜಮೀನು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೇ ನಿಯಮ, ಗಿರಣಿ ಜಮೀನನ್ನು ಮಾರುವುದಾದರೆ ಸ್ಥೂಲವಾಗಿ ಮೂರು ಪಾಲು ಮಾಡಬೇಕು ಎಂದಿತು: ಒಂದು ನಗರದ ಬಯಲಿಗೆ, ಒಂದು ಮ್ಹಾಡಾದ ಮನೆಗಳಿಗೆ, ಒಂದು ಮಾಲೀಕರಿಗೆ. 2001ರ ತಿದ್ದುಪಡಿ, ಕಟ್ಟಡವಿಲ್ಲದ ಖಾಲಿ ಜಾಗದಲ್ಲಿ ಮಾತ್ರ ಪಾಲು ಎಂದು ಲೆಕ್ಕ ಬದಲಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಂಚಲು ಸಿಕ್ಕ ಜಾಗ ಕುಗ್ಗಿತು.

ಕಾರ್ಮಿಕರ ಮನೆಗಳಿಗೆ 2012ರ ಜೂನ್‌ನಲ್ಲಿ ಮೊದಲ ಲಾಟರಿ ಎತ್ತಿದರು: 6,925 ಮನೆ. 2016ರಲ್ಲಿ ಎರಡು ಬಾರಿ, 2,634 ಮತ್ತು 2,417. 2020ರ ಮಾರ್ಚ್ 1ರಂದು 3,894. ಕೂಡಿದರೆ 15,870. ಅರ್ಜಿ ಹಾಕಿದವರು ಒಂದೂಮುಕ್ಕಾಲು ಲಕ್ಷದ ಹತ್ತಿರ. ಮೇಷ್ಟ್ರು ಈ ಲೆಕ್ಕವನ್ನು ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾರೆ. ಯಾರಾದರೂ ಬಂದು “ಈ ಸಲ ಪಕ್ಕಾ ಸಿಗುತ್ತದಾ?” ಎಂದಾಗ ಮಾತಾಡದೆ ಆ ಪುಟ ತಿರುಗಿಸಿ ತೋರಿಸುತ್ತಾರೆ.

ಈ ಕೆಲಸ ಅವರಿಗೆ ಅಂಟಿಕೊಂಡದ್ದು ಮನೆಯ ವಿಷಯದಿಂದಲ್ಲ, ಪಕ್ಕದ ಖೋಲಿಯ ಮುದುಕರೊಬ್ಬರ ಹೆಬ್ಬೆರಳಿನಿಂದ. ಅವರು ಸ್ಪಿನ್ನಿಂಗ್ ಖಾತೆಯಲ್ಲಿ ಕೊನೆಯವರೆಗೂ ಉಳಿದು, ಇಪಿಎಸ್-95ರ ಸಣ್ಣ ಪಿಂಚಣಿ ಪಡೆಯುತ್ತಿದ್ದವರು. ಪಿಂಚಣಿ ಮುಂದುವರಿಯಲು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ತೋರಿಸಬೇಕು. 2014ರ ನವೆಂಬರ್‌ನಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಿಂದ ಇದನ್ನು ಬೆರಳಚ್ಚಿನಿಂದಲೇ ಮಾಡಬಹುದಾಯಿತು. ಆದರೆ ದಶಕಗಟ್ಟಲೆ ನೂಲಿನ ಜೊತೆ ಓಡಾಡಿದ ಆ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಯಂತ್ರ ಹತ್ತು ಬೆರಳನ್ನೂ ಒಲ್ಲೆ ಎಂದಿತು. ದುಡಿದದ್ದಕ್ಕೆ ಬರುವ ಹಣವನ್ನು ದುಡಿದ ಗುರುತೇ ತಡೆದು ನಿಲ್ಲಿಸಿತ್ತು.

2021ರ ನವೆಂಬರ್‌ನಲ್ಲಿ ಮುಖ ನೋಡಿ ಗುರುತಿಸುವ ವಿಧಾನ ಬಂತು. ಮೇಷ್ಟ್ರು ಮೊಮ್ಮಗಳ ಸಹಾಯದಿಂದ ಫೋನಿಗೆ ಆಪ್ ಹಾಕಿಕೊಂಡು, ಮುದುಕರನ್ನು ಬಾಲ್ಕನಿಯ ಬೆಳಕಿಗೆ ಕೂರಿಸಿ, ಕಣ್ಣು ಮಿಟುಕಿಸಿ ಎಂದರು. ಮುದುಕರು ಬೇಕಾದ್ದಕ್ಕಿಂತ ಹೆಚ್ಚೇ ಮಿಟುಕಿಸಿದರು. ಪ್ರಮಾಣಪತ್ರದ ನಂಬರ್ ಬಂತು. ಇಪಿಎಸ್ ಪಿಂಚಣಿದಾರರು ಇದನ್ನು ನವೆಂಬರ್‌ನಲ್ಲೇ ಮಾಡಬೇಕಿಲ್ಲ, ವರ್ಷದಲ್ಲಿ ಯಾವಾಗ ಮಾಡಿದರೂ ಅಂದಿನಿಂದ ಒಂದು ವರ್ಷ ನಡೆಯುತ್ತದೆ ಎಂಬುದೂ ಆಗಲೇ ಮೇಷ್ಟ್ರಿಗೆ ಗೊತ್ತಾಯಿತು. ಚಾಳಿನಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಪ್ರತಿ ನವೆಂಬರ್‌ನಲ್ಲಿ ಮಂಡಿ ನೋವಿನವರೂ ಆಸ್ಪತ್ರೆಯಿಂದ ಬಂದವರೂ ಸಾಲಿನಲ್ಲಿ ನಿಲ್ಲುತ್ತಿದ್ದರು. ಮಾಹಿತಿ ಎಲ್ಲರಿಗೂ ತೆರೆದೇ ಇತ್ತು. ಆದರೆ ಅದು ಇದ್ದ ಕಡೆಗೆ ಇವರು ಹೋಗುತ್ತಿರಲಿಲ್ಲ, ಇವರಿದ್ದ ಕಡೆಗೆ ಅದು ಬರುತ್ತಿರಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಜನ ಕೇಳುವ ಮೊದಲೇ ಇಲಾಖೆಗಳು ತಾವಾಗಿಯೇ ವಿಷಯ ಪ್ರಕಟಿಸಬೇಕು ಮತ್ತು ಅದನ್ನು ಸ್ಥಳೀಯ ಭಾಷೆಯನ್ನೂ ಗಮನದಲ್ಲಿಟ್ಟು ತಲುಪಿಸಬೇಕು ಎನ್ನುತ್ತದೆ. ಪರೇಲ್‌ನ ಚಾಳಿನಲ್ಲಿ ಸ್ಥಳೀಯ ಭಾಷೆ ಎಂದರೆ ಯಾವುದು, ಅದು ಮಹಡಿಗೆ ಒಂದರಂತೆ ಬದಲಾಗುತ್ತದೆ.

2023ರ ದೀಪಾವಳಿ ಕಳೆದ ಮೇಲೆ ಜತ್ತ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಿಗ್ಗೆ ಕೈಚೀಲದೊಂದಿಗೆ ಮೆಟ್ಟಿಲು ಹತ್ತಿದ್ದರು. ಗಂಡ ನೇಯ್ಗೆ ಖಾತೆಯಲ್ಲಿದ್ದವರು, 2009ರಲ್ಲಿ ತೀರಿಕೊಂಡವರು. ಮನೆಗೆ ಅರ್ಜಿ ಹಾಕಿದ್ದು ಆಮೇಲೆ, ಮಗನ ಕೈಯಿಂದ. ಚೀಲದಿಂದ ಹೊರಬಂದದ್ದು ನಾಲ್ಕೇ ವಸ್ತು: ಅರ್ಜಿಯ ರಸೀದಿ, ಮರಣದ ದಾಖಲೆ, ತಮ್ಮ ಆಧಾರ್, ಮತ್ತು ಮಡಿಕೆಯಲ್ಲಿ ನಾಲ್ಕು ತುಂಡಾಗಿದ್ದ ಒಂದು ಪಗಾರದ ಚೀಟಿ.

“ಅವರು ಕಾಗದಾ ಇಡೂ ಮಂದಿ ಅಲ್ರಿ,” ಎಂದರು ಆಕೆ. “ಸಂಪ ಆದ ಮ್ಯಾಲ ಊರಿಗ ಬಂದವರು ಮತ್ತ ಮುಂಬೈ ಹೆಸರ ತಗೀಲಿಲ್ಲ. ಇದೊಂದು ಗಾದಿ ಕೆಳಗ ಉಳದಿತ್ತು.”

ತುಂಡುಗಳನ್ನು ಜೋಡಿಸಿದಾಗ ಹೆಸರು ಕಂಡಿತು, ಟಿಕೆಟ್ ನಂಬರಿನ ಮೊದಲ ಎರಡು ಅಂಕಿ ಕಂಡವು, ಉಳಿದದ್ದು ಮಡಿಕೆಯಲ್ಲಿ ಸವೆದುಹೋಗಿತ್ತು. ಹೆಸರಿನ ಕೊನೆಯ ‘ಅಪ್ಪ’ನಿಗೆ ಚೀಟಿಯಲ್ಲಿ ಇಂಗ್ಲಿಷಿನ ಒಂದೇ ಪಿ. ಮರಣದ ದಾಖಲೆಯಲ್ಲಿ ಎರಡು. ಚೀಟಿಯಲ್ಲಿ ಅಡ್ಡಹೆಸರೇ ಇಲ್ಲ, ಹೆಸರು ಮತ್ತು ತಂದೆಯ ಹೆಸರು ಮಾತ್ರ. ಆಕೆಯ ಆಧಾರ್‌ನಲ್ಲಿ ಗಂಡನ ಹೆಸರಿನ ಮುಂದೆ ಊರಿನಿಂದ ಬಂದ ಅಡ್ಡಹೆಸರು ಕೂತಿದೆ.

ಗಡಿಯ ಜನರಿಗೆ ಇದು ಹೊಸತಲ್ಲ. ಅವರ ಹೆಸರು ಕನ್ನಡದಲ್ಲಿ ಹುಟ್ಟುತ್ತದೆ, ಶಾಲೆಯಲ್ಲಿ ಮರಾಠಿಯಾಗುತ್ತದೆ, ಗಿರಣಿಯ ಟೈಮ್‌ಕೀಪರ್ ಅದನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಒತ್ತಕ್ಷರ ಒಂದು ದಾರಿಯಲ್ಲಿ ಕಳಚುತ್ತದೆ, ದೀರ್ಘ ಇನ್ನೊಂದು ದಾರಿಯಲ್ಲಿ ಸೇರುತ್ತದೆ. ಜನ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಏಕೆಂದರೆ ಹೆಸರನ್ನು ನೋಡುತ್ತಿದ್ದವನು ಮನುಷ್ಯ. ಮುಖ ನೋಡಿ, ಊರು ಕೇಳಿ, ‘ಅವನೇ ಇವನು’ ಎಂದು ಒಪ್ಪುತ್ತಿದ್ದ. ಹೊಂದಿಸಿ ನೋಡುವ ಯಂತ್ರಕ್ಕೆ ಎರಡು ಪಿ ಇರುವವನು ಒಬ್ಬ, ಒಂದು ಪಿ ಇರುವವನು ಇನ್ನೊಬ್ಬ.

ಹಾಗೆಂದು ಮೇಷ್ಟ್ರು ಹಳೆಯ ಕಾಲವನ್ನು ಹೊಗಳುವವರಲ್ಲ. ಮುಖ ನೋಡುತ್ತಿದ್ದ ಅದೇ ಗುಮಾಸ್ತ ಕೈಯನ್ನೂ ನೋಡುತ್ತಿದ್ದ. ಚಹಾಕ್ಕೆ ಎಂದು ಶುರುವಾದದ್ದು ಎಲ್ಲಿಗೆ ಮುಟ್ಟುತ್ತಿತ್ತು ಎಂಬುದನ್ನು ಚಾಳಿನವರೆಲ್ಲ ಬಲ್ಲರು. ‘ನಿಮ್ಮ ಕಾಗದ ಬಂದೇ ಇಲ್ಲ’ ಎಂದುಬಿಟ್ಟರೆ ಬಡವನ ಕೈಯಲ್ಲಿ ತೋರಿಸಲು ಏನೂ ಇರುತ್ತಿರಲಿಲ್ಲ. ಈಗ ಒಂದು ನಂಬರ್ ಇರುತ್ತದೆ, ತಾರೀಕು ಇರುತ್ತದೆ. ಮಹಾರಾಷ್ಟ್ರದ 2015ರ ಸೇವಾ ಹಕ್ಕು ಕಾಯ್ದೆ, ಕರ್ನಾಟಕದಲ್ಲಿ 2012ರಿಂದ ನಡೆದಿರುವ ಸಕಾಲ, ಎರಡೂ ನಿಂತಿರುವುದು ಆ ತಾರೀಕಿನ ಮೇಲೆ: ಗೊತ್ತುಪಡಿಸಿದ ಸೇವೆ ಇಷ್ಟು ದಿನದಲ್ಲಿ ಸಿಗಬೇಕು, ಸಿಗದಿದ್ದರೆ ಮೇಲ್ಮನವಿ. ಅಥಣಿಯ ಹುಡುಗನೊಬ್ಬ ಅಪ್ಪನ ಮರಣ ಪ್ರಮಾಣಪತ್ರವನ್ನು ಊರಿಗೆ ಹೋಗದೆ, ಪರೇಲ್‌ನಲ್ಲಿ ಕೂತೇ ಕ್ಯೂಆರ್ ಕೋಡ್ ಸಮೇತ ಇಳಿಸಿಕೊಂಡದ್ದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದಾರೆ. ಕನ್ನಡದ ಜೊತೆ ಇಂಗ್ಲಿಷೂ ಇದ್ದದ್ದರಿಂದ ಅನುವಾದದ ಖರ್ಚೂ ಉಳಿಯಿತು.

ಜತ್ತದ ಹೆಂಗಸಿಗೆ ಬೇಕಿದ್ದದ್ದು ಗಂಡ ಇದ್ದನೆಂಬುದಕ್ಕೆ ಇನ್ನೊಂದು ಗಟ್ಟಿ ಸಾಕ್ಷಿ. ಆ ಗಿರಣಿ, 1983ರಲ್ಲಿ ಕೇಂದ್ರ ಸರ್ಕಾರ ಆಡಳಿತ ವಹಿಸಿಕೊಂಡ ಮುಂಬಯಿಯ 13 ಗಿರಣಿಗಳಲ್ಲಿ ಒಂದು. ಅಂದರೆ ಅದರ ರಿಜಿಸ್ಟರ್‌ಗಳು ಎಲ್ಲಾದರೂ ಉಳಿದಿದ್ದರೆ ಸಾರ್ವಜನಿಕ ಸಂಸ್ಥೆಯೊಂದರ ಬಳಿ ಇವೆ. ಅಂದರೆ ಕೇಳಬಹುದು. ಖಾಸಗಿ ಗಿರಣಿಯಾಗಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ. ಹಾಗಿದ್ದಾಗ ಮೇಷ್ಟ್ರು ಪಿಎಫ್ ಮತ್ತು ಇಎಸ್‌ಐ ಕಡೆಗೆ ತಿರುಗುತ್ತಾರೆ, ಏಕೆಂದರೆ ಗಿರಣಿ ಯಾರದ್ದಾದರೂ ಆ ಎರಡು ಸಂಸ್ಥೆಗಳು ಸಾರ್ವಜನಿಕ.

ಮಾಹಿತಿ ಹಕ್ಕಿನ ಅರ್ಜಿ ಬರೆಯುವುದರಲ್ಲಿ ಮೇಷ್ಟ್ರಿಗೆ ಒಂದು ಬಗೆಯ ಖುಷಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕೇಂದ್ರದ ನಿಯಮದಂತೆ ಸಾಮಾನ್ಯವಾಗಿ 500 ಪದ ಮೀರಬಾರದು. ಮಹಾರಾಷ್ಟ್ರದ ನಿಯಮ ಇನ್ನೂ ಬಿಗಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹತ್ತನೇ ತರಗತಿಗೆ ಸಾರಾಂಶ ಲೇಖನ ಕಲಿಸಿದ ಮನುಷ್ಯನಿಗೆ ಇದು ಅಪ್ಪಟ ಮನೆಕೆಲಸ. ಕೇಂದ್ರಕ್ಕೆ ಬರೆಯುವಾಗಲೂ ಅವರು 150 ದಾಟುವುದಿಲ್ಲ. ಜನ ಬಂದು ಮೊದಲು ಹೇಳುವುದು ಅನ್ಯಾಯದ ಕಥೆ. ಮೇಷ್ಟ್ರು ಪೂರ್ತಿ ಕೇಳುತ್ತಾರೆ, ಆಮೇಲೆ ಅದರಲ್ಲಿ ಒಂದು ಸಾಲನ್ನೂ ಬರೆಯುವುದಿಲ್ಲ. ‘ಏಕೆ ಕೊಡಲಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ‘ಯಾವ ರಿಜಿಸ್ಟರ್, ಯಾವ ವರ್ಷ, ಯಾವ ಪುಟ, ಪ್ರತಿ ಕೊಡಿ’ ಎಂದರೆ ಬರುತ್ತದೆ ಎಂಬುದು ಅವರ ಪಾಠ. ಇರುವ ದಾಖಲೆಯನ್ನು ಕೊಡಿಸುವುದು ಕಾಯ್ದೆಯ ಕೆಲಸ, ವಿವರಣೆ ಕೊಡಿಸುವುದಲ್ಲ.

ಹೆಂಗಸು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿದರು. ಫೋನಿಗೆ ಓಟಿಪಿ ಬಂದಾಗ ಅದನ್ನು ಮೇಷ್ಟ್ರ ಮುಂದೆ ಹಿಡಿದರು. ಮೇಷ್ಟ್ರು ಕಣ್ಣು ಬೇರೆ ಕಡೆ ತಿರುಗಿಸಿ, “ನೀವೇ ಒತ್ತಿ ಅಮ್ಮ, ಒಂದೊಂದೇ ಅಂಕಿ,” ಎಂದರು. ಆರು ಅಂಕಿ ಒತ್ತಲು ಹಿಡಿದ ಹೊತ್ತಿನಲ್ಲಿ ಓಟಿಪಿಯ ಆಯುಸ್ಸು ಮುಗಿಯಿತು. ಇನ್ನೊಮ್ಮೆ ತರಿಸಿದರು. ಮೂರನೇ ಸಲಕ್ಕೆ ಆಯಿತು. ತಾನೇ ಒತ್ತಿದ್ದರೆ ಅರ್ಧ ನಿಮಿಷದ ಕೆಲಸ ಎಂಬುದು ಮೇಷ್ಟ್ರಿಗೆ ಗೊತ್ತಿದೆ. ಆದರೆ ಇಂದು ಮೇಷ್ಟ್ರಿಗೆ ಓಟಿಪಿ ಕೊಟ್ಟು ರೂಢಿಯಾದವರು ನಾಳೆ ಫೋನಿನಲ್ಲಿ ಮನೆ ಕೊಡಿಸುತ್ತೇನೆ ಎನ್ನುವವನಿಗೂ ಕೊಡುತ್ತಾರೆ. ಮನೆ ಕೊಡಿಸಲು ತನಗೆ ಯಾವ ಏಜೆಂಟರೂ ಇಲ್ಲ ಎಂದು ಮ್ಹಾಡಾ ಮತ್ತೆ ಮತ್ತೆ ಪ್ರಕಟಿಸುತ್ತದೆ. ಅದನ್ನು ಓದದವರನ್ನೇ ಏಜೆಂಟರು ಹುಡುಕಿಕೊಂಡು ಹೋಗುತ್ತಾರೆ.

ಹೀಗಾಗಿ ಅವರ ಮೇಜಿಗೆ ಕೆಲವು ಕಟ್ಟುಪಾಡುಗಳಿವೆ. ದುಡ್ಡು ಮುಟ್ಟುವುದಿಲ್ಲ. ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಿಲ್ಲ. ಆಧಾರ್ ಪ್ರತಿ ಕೊಡಲೇಬೇಕಾದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಲುತ್ತದೆಯೇ ಎಂದು ಮೊದಲು ಕೇಳುತ್ತಾರೆ. ಕೆಲಸ ಮುಗಿದ ಮೇಲೆ ಫೋನಿನಲ್ಲಿ ತೆಗೆದ ಕಾಗದಗಳ ಫೋಟೊಗಳನ್ನು ಬಂದವರ ಎದುರೇ ಅಳಿಸುತ್ತಾರೆ. ಕಾಗದ ಕೊಟ್ಟವರು ನಂಬಿಕೆಯಿಂದ ಕೊಟ್ಟಿರುತ್ತಾರೆ, ಅದನ್ನು ಜೇಬಿನಲ್ಲಿ ಹೊತ್ತು ತಿರುಗುವುದು ಸರಿಯಲ್ಲ ಎನ್ನುತ್ತಾರೆ. ಕೊನೆಯ ಕಟ್ಟುಪಾಡು, ಕೆಂಪು ನಕ್ಷತ್ರವಿರುವ ಯಾವ ಕಾಲಂನಲ್ಲೂ ಸುಳ್ಳು ತುಂಬುವುದಿಲ್ಲ.

ಈ ಕೊನೆಯದರಿಂದಲೇ ಅವರಿಗೆ ಹೆಚ್ಚು ಜಗಳ. ಆನ್‌ಲೈನ್ ಫಾರಂಗಳಲ್ಲಿ ಕಡ್ಡಾಯ ಕಾಲಂಗಳಿಗೆ ಕೆಂಪು ನಕ್ಷತ್ರ ಇರುತ್ತದೆ. ತುಂಬದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಕಾಗದದ ಫಾರಂನಲ್ಲಾದರೆ ಖಾಲಿ ಬಿಟ್ಟು, ಪಕ್ಕದಲ್ಲಿ ‘ತಿಳಿದಿಲ್ಲ’ ಎಂದು ಬರೆದು ಸಹಿ ಮಾಡಬಹುದಿತ್ತು. ಪರದೆಯ ಮೇಲೆ ‘ತಿಳಿದಿಲ್ಲ’ ಎನ್ನಲು ಜಾಗವಿಲ್ಲ. ಹುಟ್ಟಿದ ತಾರೀಕು ತಿಳಿಯದವರು ಜೂನ್ 1 ಒತ್ತುತ್ತಾರೆ, ಅಡ್ಡಹೆಸರಿಲ್ಲದವರು ತಂದೆಯ ಹೆಸರನ್ನೇ ಅಲ್ಲಿ ತುರುಕುತ್ತಾರೆ, ಇ-ಮೇಲ್ ಇಲ್ಲದವರು ಸೈಬರ್ ಅಂಗಡಿಯವನದ್ದನ್ನು ಕೊಡುತ್ತಾರೆ. ಅಂದಿನ ಮಟ್ಟಿಗೆ ಪುಟ ಮುಂದೆ ಹೋಗುತ್ತದೆ. ಹತ್ತು ವರ್ಷದ ಮೇಲೆ ಇನ್ನೊಂದು ಕಚೇರಿಯ ಪರದೆಯಲ್ಲಿ ಆ ಚೂರು ಸುಳ್ಳು ಇವರ ಎದುರು ಸಾಕ್ಷಿ ನಿಲ್ಲುತ್ತದೆ. ಬಡವರ ಕಾಗದಗಳಲ್ಲಿ ಕಾಣುವ ಹೊಂದಿಕೆಯಾಗದ ಹೆಸರು ತಾರೀಕುಗಳಲ್ಲಿ ಎಷ್ಟೋ, ಹೀಗೆ ಯಾವುದೋ ಫಾರಂ ಮುಂದೆ ಹೋಗಲಿ ಎಂದು ಹುಟ್ಟಿದವು.

ಉತ್ತರ ಗಡುವಿನೊಳಗೆ ಬಂತು. ರಿಜಿಸ್ಟರಿನ ಒಂದು ಪುಟದ ಪ್ರತಿ: ನೇಯ್ಗೆ ಖಾತೆ, ಪೂರ್ತಿ ಟಿಕೆಟ್ ನಂಬರ್, ಸೇರಿದ ತಾರೀಕು, ತಂದೆಯ ಹೆಸರು. ಮೇಷ್ಟ್ರು ಫೋನ್ ಮಾಡಿ ಓದಿ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಆಮೇಲೆ ಆಕೆ ಕೇಳಿದ್ದು, “ಸೇರಿದ ತಾರೀಕ ಇನ್ನೊಮ್ಮೆ ಹೇಳ್ರಿ.” ಅದು ಅವರ ಮದುವೆಗೆ ಹಿಂದಿನ ವರ್ಷ. ಗಂಡ ಯಾವಾಗ ಕೆಲಸಕ್ಕೆ ಸೇರಿದ್ದು ಎಂದು ಅವರಿಗೆ ಈವರೆಗೆ ಗೊತ್ತಿರಲಿಲ್ಲ.

ಹೆಸರು ಮಾತ್ರ ಅಲ್ಲಿ ಮೂರನೇ ಬಗೆಯಲ್ಲಿತ್ತು. ಎರಡು ಪಿ ಇದ್ದವು, ಆದರೆ ಮೊದಲ ಅಕ್ಷರದ ಲ ಒತ್ತು ಹೋಗಿತ್ತು. ಮೇಷ್ಟ್ರು ನಕ್ಕರು, ಆಮೇಲೆ ನೋಟರಿಯ ವಿಳಾಸ ಹುಡುಕಿದರು. ಈ ಮೂರು ಹೆಸರೂ ಒಬ್ಬನೇ ಮನುಷ್ಯನವು ಎಂಬ ಪ್ರತಿಜ್ಞಾಪತ್ರ, ನ್ಯಾಯಾಲಯದಿಂದ ವಾರಸಾ ಪ್ರಮಾಣಪತ್ರ, ಇಬ್ಬರು ಹೆಣ್ಣುಮಕ್ಕಳ ಒಪ್ಪಿಗೆ. ಅದಕ್ಕೆಲ್ಲ ತಿಂಗಳುಗಳು ಹಿಡಿದವು. ವಾರಸಾ ಕಾಗದ ಯಾವ ಪೋರ್ಟಲ್‌ನಲ್ಲೂ ಸಿಗುವುದಲ್ಲ, ತಾರೀಕಿನ ಮೇಲೆ ತಾರೀಕು ಕೋರ್ಟಿನ ಬೆಂಚಿನ ಮೇಲೆ ಕೂತೇ ತರಬೇಕಾದದ್ದು. ಕೊನೆಗೆ ಮಗ ಬಂದು, ಮೇಷ್ಟ್ರ ಮೇಜಿನಲ್ಲಿ ಒಂದು ಮಧ್ಯಾಹ್ನವಿಡೀ ಕೂತು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಸೇರಿಸಿದ. ಸ್ವೀಕೃತಿಯನ್ನು ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿದರು.

“ಇದ ಮನೀದ ಕಾಗದೇನ್ರಿ?” ಎಂದು ಆಕೆ ಕೇಳಿದರು.

“ಅಲ್ಲ ಅಮ್ಮ. ಸಾಲಿನಲ್ಲಿ ನಿಂತಿದ್ದೀರಿ ಎನ್ನುವ ಕಾಗದ.”

ಸಾಲು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಶೇಲು ಮತ್ತು ವಾಂಗಣಿಯಲ್ಲಿ 81,000 ಮನೆಗಳ ಯೋಜನೆಗೆ ಆದೇಶ ಹೊರಡಿಸಿತು. ಎರಡೂ ಬದ್ಲಾಪುರದ ಆಚೆ, ಕರ್ಜತ್ ದಾರಿಯಲ್ಲಿವೆ. ತಾವು ಬೆವರು ಸುರಿಸಿದ್ದು ಮುಂಬಯಿಯಲ್ಲಿ, ಮನೆಯೂ ಮುಂಬಯಿಯಲ್ಲೇ ಬೇಕು ಎಂದು 2025ರ ಜುಲೈಯಲ್ಲಿ ಕಾರ್ಮಿಕರು ಆಜಾದ್ ಮೈದಾನದಲ್ಲಿ ಸೇರಿದರು. ನೆರೆದವರಲ್ಲಿ ಕೋಲು ಊರಿಕೊಂಡವರು ಬಹಳ. ಮೇಷ್ಟ್ರ ಬಾಲ್ಕನಿಯಿಂದ ಕಾಣುವ ಗಿರಣಿ ಜಮೀನಿನ ಮೇಲಿನ ಗಾಜಿನ ಕಟ್ಟಡಗಳಿಗೆ ಯಾರೂ ಹದಿಮೂರು ಪುರಾವೆ ಕೇಳಿರಲಿಕ್ಕಿಲ್ಲ ಎಂದು ಪಕ್ಕದ ಖೋಲಿಯ ಮುದುಕರು ಹೇಳುವುದುಂಟು. ಮೇಷ್ಟ್ರು ಆ ಮಾತಿಗೆ ಉತ್ತರ ಕೊಡುವುದಿಲ್ಲ. ಅವರ ಕೆಲಸ ಮನೆ ಕೊಡಿಸುವುದಲ್ಲ. ಎಂದಾದರೂ ಮನೆ ಹಂಚುವ ದಿನ ಬಂದರೆ, ಒಂದು ಪಿ ಕಡಿಮೆಯಾಯಿತೆಂದು ಯಾರ ಹೆಸರೂ ಪಟ್ಟಿಯಿಂದ ಬಿಟ್ಟುಹೋಗಬಾರದು, ಅಷ್ಟು ಮಾತ್ರ.

ಜತ್ತದ ಆ ಹೆಂಗಸು ಈಗ ಮೇಷ್ಟ್ರಿಗೆ ಫೋನ್ ಮಾಡುವುದು ಕಡಿಮೆ. ಮೊಮ್ಮಗನ ಫೋನಿನಲ್ಲಿ ಅರ್ಜಿಯ ಸ್ಥಿತಿಯನ್ನು ತಾವೇ ನೋಡಲು ಕಲಿತಿದ್ದಾರೆ. ಮರಾಠಿ ಓದಲು ಬರುತ್ತದೆ, ಅಂಕಿಗಳಷ್ಟೇ ತೊಡಕಾಗಿದ್ದವು. ಒಂದೊಂದೇ ಅಂಕಿ ಒತ್ತುತ್ತಾರೆ, ಪರದೆ ಏನು ಹೇಳುತ್ತದೋ ಓದುತ್ತಾರೆ, ಬದಲಾಗಿಲ್ಲದಿದ್ದರೆ ಫೋನ್ ಮಗುವಿಗೆ ವಾಪಸು ಕೊಡುತ್ತಾರೆ. ಎರಡು ನಂಬರ್ ಅವರಿಗೆ ಬಾಯಿಪಾಠ. ಒಂದು ಅರ್ಜಿಯದು, ಇನ್ನೊಂದು ಗಂಡನ ಟಿಕೆಟ್‌ದು.